ಏಡಿಯ ಕಾಲಲ್ಲಿ ಸಿಕ್ಕ ಪಂಪು

ರಕ್ತನಿಧಿಯ ಫ್ರಿಜ್ಜಿನಲ್ಲಿಟ್ಟ ರಕ್ತದ ಚೀಲ ನೋಡಲು ತೆಪ್ಪಗೆ ಮಲಗಿರುತ್ತದೆ. ಒಳಗಿನ ಕತೆಯೇ ಬೇರೆ! ಕೆಂಪು ರಕ್ತಕಣಗಳಿಂದ ಪೊಟ್ಯಾಸಿಯಂ ದಿನದಿಂದ ದಿನಕ್ಕೆ ಹೊರಗೆ ಸೋರುತ್ತಿರುತ್ತದೆ, ಹೊರಗಿನ ಸೋಡಿಯಂ ಒಳಗೆ ನುಸುಳುತ್ತಿರುತ್ತದೆ. ಅದೇ ಕಣಗಳಿಗೆ ಮೈಯ ಬಿಸಿಯನ್ನೂ ಒಂದಿಷ್ಟು ಗ್ಲೂಕೋಸನ್ನೂ ಕೊಟ್ಟು ನೋಡಿ. ಹೊರಬಿದ್ದಿದ್ದ ಪೊಟ್ಯಾಸಿಯಂ ಮರಳಿ ಒಳಕ್ಕೆ, ಒಳನುಗ್ಗಿದ್ದ ಸೋಡಿಯಂ ಮರಳಿ ಹೊರಕ್ಕೆ! ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುವುದು ಯಾವುದೇ ಉಪ್ಪಿನ ಸಹಜ ಗುಣ. ಇಲ್ಲಿ ಅದು ಏರು ಹತ್ತುತ್ತಿದೆ. ತಾನಾಗಿ ಹತ್ತುವುದು ಸಾಧ್ಯವಿಲ್ಲ, ಯಾರೋ ಹತ್ತಿಸುತ್ತಿದ್ದಾರೆ. ಯಾರು?

ಲೆಕ್ಕ ನೋಡಿದರೆ ಬೆರಗು ಇನ್ನೂ ಹೆಚ್ಚುತ್ತದೆ. ನಮ್ಮ ಜೀವಕೋಶದ ಒಳಗಿರುವ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಇದಕ್ಕೆ ತದ್ವಿರುದ್ಧ, ಒಳಗಿಗಿಂತ ಹೊರಗೇ ಹತ್ತು ಪಟ್ಟಿಗೂ ಮೀರಿ. ಎರಡರ ನಡುವೆ ಇರುವುದು ಏಳೆಂಟು ನ್ಯಾನೊಮೀಟರ್ ದಪ್ಪದ ಜಿಡ್ಡಿನ ಪೊರೆ. ಅದೂ ಸೋರುವ ಪೊರೆ! ತೂತುಬಿದ್ದ ದೋಣಿಯಲ್ಲಿ ಕೂತು ಒಂದು ಕ್ಷಣವೂ ಬಿಡದೆ ನೀರು ಮೊಗೆದು ಚೆಲ್ಲುವವನು ಒಬ್ಬ ಇರಲೇಬೇಕು.

ಅವನು ಸಿಕ್ಕಿದ್ದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, ಕಡಲ ಏಡಿಯ ಕಾಲಿನ ನರದಲ್ಲಿ. ಹುಡುಕಿದ ಯೆನ್ಸ್ ಕ್ರಿಸ್ಟಿಯನ್ ಸ್ಕೌ ಓದಿದ್ದು ವೈದ್ಯಕೀಯ. ಅವರ ತಲೆ ತಿನ್ನುತ್ತಿದ್ದ ಪ್ರಶ್ನೆಯೂ ಬೇರೆಯದೇ: ಮರಗಟ್ಟಿಸುವ ಇಂಜೆಕ್ಷನ್ ನರದ ಮೇಲೆ ಹೇಗೆ ಕೆಲಸ ಮಾಡುತ್ತದೆ? ಏಡಿಯ ನರಗಳನ್ನು ಅರೆದು, ಪೊರೆಯ ಚೂರುಗಳನ್ನು ಬೇರ್ಪಡಿಸಿ, ಅವಕ್ಕೆ ಜೀವಕೋಶದ ಇಂಧನವಾದ ಎಟಿಪಿ ಉಣಿಸಿದರು. ಸೋಡಿಯಂ ಒಂದನ್ನೇ ಸೇರಿಸಿದರೆ ಎಟಿಪಿ ಒಡೆಯುವ ವೇಗ ಅಷ್ಟಕ್ಕಷ್ಟೆ. ಪೊಟ್ಯಾಸಿಯಂ ಒಂದನ್ನೇ ಸೇರಿಸಿದರೂ ಅದೇ ಪಾಡು. ಎರಡನ್ನೂ ಸೇರಿಸಿದರೋ, ಇಂಧನ ಧಗ್ಗನೆ ಖರ್ಚಾಗತೊಡಗಿತು! ಎರಡೂ ಅಯಾನುಗಳನ್ನು ಕೇಳುವ, ಎಟಿಪಿ ತಿನ್ನುವ, ಪೊರೆಯಲ್ಲೇ ನೆಟ್ಟಿರುವ ಒಂದು ಕಿಣ್ವ. ಇದೇ ಆ ಮೊಗೆಯುವವನಲ್ಲದೆ ಇನ್ನೇನು? 1957ರಲ್ಲಿ ಪ್ರಬಂಧ ಬಂತು. ತಲೆಬರಹದಲ್ಲಿ ಪಂಪಿನ ಸುದ್ದಿಯೇ ಇಲ್ಲ. ನರದ ಒಂದು ಕಿಣ್ವದ ಮೇಲೆ ಕೆಲವು ಅಯಾನುಗಳ ಪ್ರಭಾವ, ಅಷ್ಟೇ. ಇಷ್ಟು ದೊಡ್ಡ ನಿಧಿಯನ್ನು ಇಷ್ಟು ಮೆಲ್ಲಗೆ ಹೇಳಿದವರು ಅಪರೂಪ! ನೊಬೆಲ್ ಅವರ ಬಾಗಿಲಿಗೆ ಬರುವಷ್ಟರಲ್ಲಿ 40 ವರ್ಷ ಕಳೆದು 1997 ಆಗಿತ್ತು.

ಪಂಪು ಕೆಲಸ ಮಾಡುವ ಪರಿಯನ್ನು ಹತ್ತಿರದಿಂದ ನೋಡಬೇಕು. ಮೊದಲು ಅದರ ಬಾಯಿ ಕೋಶದೊಳಕ್ಕೆ ತೆರೆದಿರುತ್ತದೆ. ಮೂರು ಸೋಡಿಯಂ ಬಂದು ಕೂರುತ್ತವೆ. ಎಟಿಪಿ ತನ್ನೊಂದು ಫಾಸ್ಫೇಟನ್ನು ಪಂಪಿನ ಮೈಗೆ ಅಂಟಿಸುತ್ತದೆ. ಅಂಟಿದ್ದೇ ತಡ, ಇಡೀ ಪ್ರೋಟೀನು ಮೈ ಹೊರಳಿಸಿ ಬಾಯನ್ನು ಹೊರಕ್ಕೆ ತೆರೆದು ಸೋಡಿಯಂಗಳನ್ನು ಉಗುಳುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನಿಂದ ಎರಡು ಪೊಟ್ಯಾಸಿಯಂ. ಫಾಸ್ಫೇಟ್ ಕಳಚುತ್ತದೆ, ಪ್ರೋಟೀನು ಮತ್ತೆ ಒಳಮುಖವಾಗುತ್ತದೆ. ಒಂದು ಸುತ್ತು ಮುಗಿಯಿತು. ಇಂಥ ಸುತ್ತುಗಳು ಸೆಕೆಂಡಿಗೆ ನೂರರ ಆಸುಪಾಸು! ನೀವು ಸುಮ್ಮನೆ ಕೂತು ಈ ಸಾಲು ಓದುವಾಗ ಮೈ ಸುಡುತ್ತಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈ ಪಂಪುಗಳ ಹೊಟ್ಟೆಗೇ ಹೋಗುತ್ತಿದೆ.

ಹಾಗಾದರೆ ಗಿಡಗಳಲ್ಲಿ? ಅಲ್ಲಿ ಈ ಪಂಪು ಇಲ್ಲವೇ ಇಲ್ಲ! ಗಿಡ ಹಿಡಿದಿದ್ದು ಬೇರೆ ದಾರಿ. ಅದು ಎಟಿಪಿ ಸುಟ್ಟು ಹೊರಕ್ಕೆ ದಬ್ಬುವುದು ಪ್ರೋಟಾನುಗಳನ್ನು, ಅಂದರೆ ಬೆತ್ತಲೆ ಹೈಡ್ರೋಜನ್ ಅಯಾನುಗಳನ್ನು. ದಬ್ಬಿ ದಬ್ಬಿ ಕೋಶದ ಒಳಗು 150 ಮಿಲಿವೋಲ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಋಣವಾಗುತ್ತದೆ. ಪುಟಾಣಿ ಅಂಕಿ ಅನ್ನಿಸಿತೇ? ಪೊರೆಯ ದಪ್ಪದಿಂದ ಭಾಗಿಸಿ ನೋಡಿ, ಸೆಂಟಿಮೀಟರಿಗೆ ಸುಮಾರು ಎರಡು ಲಕ್ಷ ವೋಲ್ಟ್! ಈ ಸೆಳೆತಕ್ಕೆ ಸಿಕ್ಕಿ ಹೊರಗಿನ ಪ್ರೋಟಾನು ಒಳಗೆ ಮರಳುವಾಗ ಮಣ್ಣಿನ ನೈಟ್ರೇಟನ್ನೂ ಜೊತೆಗೆ ಎಳೆದು ತರುತ್ತದೆ. ರಾಗಿಯ ಬೇರಿನ ರೋಮ ಗೊಬ್ಬರ ಹೀರುವುದು ಹೀಗೆ. ಮುಟ್ಟಿದರೆ ಮುನಿಯ ಎಲೆಬುಡದ ಉಬ್ಬನ್ನು ನೋಡಿ: ಬೆರಳು ತಾಕಿದೊಡನೆ ಪೊಟ್ಯಾಸಿಯಂ ಹೊರಬೀಳುತ್ತದೆ, ಅದರ ಬೆನ್ನಿಗೇ ನೀರೂ ಹೋಗುತ್ತದೆ, ಎಲೆ ಕುಸಿಯುತ್ತದೆ. ಕೆಲವು ನಿಮಿಷಗಳಲ್ಲಿ ಅದು ಮತ್ತೆ ತಲೆಯೆತ್ತಿದರೆ, ಪ್ರೋಟಾನ್ ಪಂಪು ದುಡಿದಿದೆ ಎಂದೇ ಅರ್ಥ.

ನನ್ನನ್ನು ದಂಗುಬಡಿಸಿದ್ದು ಸ್ಕೌ ಕತೆಯ ಮುಂದಿನ ಸಂಗತಿ. 1958ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಪೋಸ್ಟ್ ಎದುರಾದಾಗ ಸ್ಕೌ ಅವರನ್ನು ಕೇಳಿದ್ದು ಒಂದೇ: ಊಬೇನ್ ಹಾಕಿದರೆ ನಿಮ್ಮ ಕಿಣ್ವ ನಿಲ್ಲುತ್ತದೆಯೇ? ಸ್ಕೌ ಆ ಹೆಸರನ್ನೇ ಕೇಳಿರಲಿಲ್ಲ! ಊರಿನ ಪ್ರಯೋಗಾಲಯಕ್ಕೆ ಫೋನು ಹೋಯಿತು. ಉತ್ತರ ಬಂತು: ನಿಲ್ಲುತ್ತದೆ. ಪಂಪನ್ನು ನಿಲ್ಲಿಸುವ ವಿಷವೇ ಕಿಣ್ವವನ್ನೂ ನಿಲ್ಲಿಸಿತು, ಅಂದರೆ ಎರಡೂ ಒಂದೇ! ಊಬೇನ್ ಪೂರ್ವ ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ಗಿಡದ ವಿಷ. ನಮ್ಮ ಹೆದ್ದಾರಿಗಳ ನಡುವೆ ನಳನಳಿಸುವ ಕಣಗಿಲೆಯ ವಿಷವೂ ಅದೇ ಬಳಗದ್ದು, ಹೃದಯದ ಮದ್ದಾದ ಡಿಜಾಕ್ಸಿನ್ ಕೂಡ ಅದೇ ಬಳಗದ್ದು. ಎಲ್ಲವೂ ಹೋಗಿ ಮೆತ್ತಿಕೊಳ್ಳುವುದು ಈ ಒಂದೇ ಪಂಪಿಗೆ. ಗಿಡದ ಜಾಣತನ ಎಂಥದ್ದು! ತನ್ನಲ್ಲಿ ಇಲ್ಲದ, ಮೇಯಲು ಬರುವ ಪ್ರಾಣಿಯಲ್ಲಿ ಮಾತ್ರ ಇರುವ ಯಂತ್ರಕ್ಕೇ ಗುರಿಯಿಟ್ಟಿದೆ. ಎಷ್ಟು ವಿಷ ತುಂಬಿಕೊಂಡರೂ ಅದರ ಪಂಪು ನಿಲ್ಲುವ ಭಯವಿಲ್ಲ, ನಿಲ್ಲಲು ಆ ಪಂಪೇ ಇಲ್ಲ!

ಇಷ್ಟಕ್ಕೇ ಮುಗಿಯಲಿಲ್ಲ. ಬೇಲಿಯ ಎಕ್ಕದ ಗಿಡದಲ್ಲೂ ಇದೇ ಬಗೆಯ ವಿಷವಿದೆ, ಆದರೂ ಪಟ್ಟೆಪಟ್ಟೆ ಕಂಬಳಿಹುಳುಗಳು ಅದರ ಎಲೆಯನ್ನು ನಿರುಮ್ಮಳವಾಗಿ ಮೇಯುತ್ತವೆ. ಈ ಹುಳುವಿನ ಅಮೆರಿಕದ ನೆಂಟ ಮೊನಾರ್ಕ್ ಚಿಟ್ಟೆಯ ಪಂಪನ್ನು ವಿಜ್ಞಾನಿಗಳು ಬಿಡಿಸಿ ನೋಡಿದರು. ವಿಷ ಕಚ್ಚಿಕೊಳ್ಳುವ ಜಾಗದ ಕೆಲವೇ ಅಮೈನೊ ಆಮ್ಲಗಳು ಬದಲಾಗಿದ್ದವು. ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿಯಲ್ಲಿ ಮೂರು ಕೊಂಡಿಗಳನ್ನು ತಿದ್ದಿದರೆ ಸಾಕೇ? 2019ರಲ್ಲಿ ಹಣ್ಣಿನ ನೊಣದ ಜೀನಿನಲ್ಲಿ ಅದೇ ಮೂರನ್ನು ತಿದ್ದಿ ಪರೀಕ್ಷಿಸಿದರು. ನೊಣ ವಿಷ ತಿಂದು ಬದುಕಿತು. ಮರಿಹುಳುವಾಗಿ ತಿಂದ ವಿಷದ ಒಂದು ಅಂಶವನ್ನು ರೆಕ್ಕೆ ಮೂಡಿದ ಮೇಲೂ ಮೈಯಲ್ಲಿ ಉಳಿಸಿಕೊಂಡಿತ್ತು, ಥೇಟ್ ಮೊನಾರ್ಕ್ ಚಿಟ್ಟೆಯ ಹಾಗೆ!