ನಾಟಕ ತಂಡಕ್ಕೆ ಊಟ ಹಾಕುವವರು

ಮುನಿರ್ಕಾದಿಂದ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಬೇಕೆಂದರೆ ಹೌಜ್ ಖಾಸ್‌ನಲ್ಲೊಮ್ಮೆ, ಸೆಂಟ್ರಲ್ ಸೆಕ್ರೆಟರಿಯೇಟ್‌ನಲ್ಲೊಮ್ಮೆ ಮೆಟ್ರೊ ಬದಲಿಸಿ ಮಂಡಿ ಹೌಸ್‌ನಲ್ಲಿ ಇಳಿಯಬೇಕು. ವಾರವಿಡೀ ಕೋಡ್ ಬರೆದು ದಣಿದ ಮೇಲೆ ಶನಿವಾರ ಅಲ್ಲೊಂದು ನಾಟಕ ನೋಡಿ ಬರುವುದು ನನ್ನ ದೆಹಲಿ ವಾಸದ ಸಣ್ಣ ಸುಖಗಳಲ್ಲೊಂದು. 1977ರಿಂದ ಕೆಲವು ವರ್ಷ ಈ ಶಾಲೆಯ ನಿರ್ದೇಶಕರಾಗಿದ್ದವರು ನಮ್ಮ ಬಿ.ವಿ. ಕಾರಂತರು ಎಂದು ಜೊತೆಗೆ ಬಂದ ಸಹೋದ್ಯೋಗಿಗಳಿಗೆ ಹೇಳದೆ ಇರಲಾರೆ. ಹಾಗೆಯೇ ಮಾತು ಹೆಗ್ಗೋಡಿಗೂ ಹೋಗುತ್ತದೆ. ಆಗ ಎಲ್ಲರದೂ ಒಂದೇ ಪ್ರಶ್ನೆ: 'ಹಳ್ಳಿಯಲ್ಲಿ ನಾಟಕ ಕಂಪನಿಯೇ? ಅದನ್ನು ಸಾಕುವವರು ಯಾರು?'

ಒಂದೇ ಹೆಸರಿನಲ್ಲಿ ಉತ್ತರ ಕೊಟ್ಟುಬಿಡುವುದು ಸುಲಭ: ಕೆ.ವಿ. ಸುಬ್ಬಣ್ಣ. ಮೈಸೂರಿನಲ್ಲಿ ಓದಿ, ನೌಕರಿ ಹುಡುಕದೆ ಅಡಿಕೆ ತೋಟಕ್ಕೆ ಮರಳಿದವರು. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಅಂದರೆ ನೀನಾಸಂ ಅನ್ನು, ನಾಡೇ ತಿರುಗಿ ನೋಡುವಂತೆ ಬೆಳೆಸಿದವರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಇಷ್ಟೂ ನಿಜವೇ. ಆದರೆ ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ಅವರೊಂದಿಗೆ ತಿರುಗಾಟ ನಿಲ್ಲಲಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ಮನುಷ್ಯ ಇಲ್ಲವಾದರೆ ಕುಸಿಯುವ ಸಿಸ್ಟಂ ಒಳ್ಳೆಯ ಸಿಸ್ಟಂ ಅಲ್ಲ. ನೀನಾಸಂನಲ್ಲಿ ಈ ಪಾಠವನ್ನು ಬಹಳ ಮೊದಲೇ ಕಲಿತಿದ್ದರು. ದೆಹಲಿಯ ನಾಟಕ ಶಾಲೆಯಲ್ಲಿ ಕಲಿತ ಚಿದಂಬರರಾವ್ ಜಂಬೆಯವರು ಹೆಗ್ಗೋಡಿಗೆ ಬಂದು ರಂಗಶಿಕ್ಷಣ ಕೇಂದ್ರವನ್ನು ವರ್ಷಗಟ್ಟಲೆ ಮುನ್ನಡೆಸಿದರು. ಸುಬ್ಬಣ್ಣನವರ ಮಗ ಕೆ.ವಿ. ಅಕ್ಷರ ಕೂಡ ಅದೇ ಶಾಲೆಯಲ್ಲಿ ಕಲಿತು ಊರಿಗೆ ಮರಳಿದವರೇ. ಕೇಂದ್ರದಲ್ಲಿ ಕಲಿತವರು ತಿರುಗಾಟದ ನಟರಾದರು, ತಮ್ಮ ತಮ್ಮ ಊರುಗಳಲ್ಲಿ ತಂಡ ಕಟ್ಟಿದರು. ಮುಂದಾಳು ಅನ್ನಿಸಿಕೊಂಡವರು ಮಾಡಬೇಕಾದ ಮುಖ್ಯ ಕೆಲಸ ಇದು, ಇನ್ನೊಬ್ಬರನ್ನು ತಯಾರು ಮಾಡುವುದು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ್ದ ಹುಡುಗ ಕಾರಂತರನ್ನು ಗುಬ್ಬಿ ವೀರಣ್ಣನವರು ಮುಂದೆ ಹಿಂದಿ ಎಂ.ಎ. ಓದಲು ಬನಾರಸ್ಸಿಗೆ ಕಳಿಸಿದ್ದೂ ಇಂಥದೇ ಕೆಲಸ. ಕಂಪನಿಗೆ ಅದರಿಂದ ಒಂದು ಟಿಕೆಟ್ ಹೆಚ್ಚು ಮಾರಾಟವಾಗಲಿಲ್ಲ. ಕನ್ನಡಕ್ಕೆ ಮಾತ್ರ ಅಲ್ಲ, ಭಾರತಕ್ಕೇ ಒಬ್ಬ ರಂಗನಿರ್ದೇಶಕ ಸಿಕ್ಕಿದರು.

ಇದು ಮುಂದೆ ನಿಂತವರ ಮಾತಾಯಿತು. ಬೆನ್ನಿಗೆ ನಿಂತವರದು ಬೇರೆಯೇ ಕಥೆ. ಮಳೆಗಾಲದಲ್ಲಿ ತಾಲೀಮು ಮುಗಿಸಿ, ಎರಡು ಮೂರು ನಾಟಕ ಸಿದ್ಧಮಾಡಿಕೊಂಡು ತಿರುಗಾಟದ ತಂಡ ಹೊರಡುತ್ತದೆ. ಪರದೆ ಕಟ್ಟುವವರೂ, ಲೈಟು ಏರಿಸುವವರೂ, ಸಾಮಾನು ಇಳಿಸುವವರೂ ನಟರೇ. ಆದರೆ ಪ್ರತಿ ಊರಿನಲ್ಲೂ ಯಾರೋ ನಾಲ್ಕು ಜನ 'ಬನ್ನಿ' ಅನ್ನಬೇಕು. ಹಾಲ್ ಗೊತ್ತುಮಾಡಬೇಕು, ಟಿಕೆಟ್ ಮಾರಬೇಕು, ಮಲಗಲು ಜಾಗ, ಹೊತ್ತುಹೊತ್ತಿಗೆ ಊಟ ನೋಡಿಕೊಳ್ಳಬೇಕು. ಆ ನಾಲ್ಕು ಜನರಿಲ್ಲದ ಊರಿಗೆ ಎಷ್ಟು ದೊಡ್ಡ ನಾಟಕವೂ ಬರುವುದಿಲ್ಲ.

ಶಿರಸಿ ಕಡೆಯ ನಮ್ಮೂರಲ್ಲಿ ಆ ನಾಲ್ವರಲ್ಲಿ ನಮ್ಮಪ್ಪನೂ ಒಬ್ಬರು. ಹೈಸ್ಕೂಲ್ ಮಾಸ್ತರರಾಗಿದ್ದ ಅವರ ಅಂಗಿಯ ಜೇಬಿನಲ್ಲಿ ಆ ತಿಂಗಳು ಪೂರ್ತಿ ಟಿಕೆಟ್ ಪುಸ್ತಕ ಇರುತ್ತಿತ್ತು. ಸೊಸೈಟಿಯಲ್ಲಿ, ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಟಿಕೆಟ್ ಹರಿದು ಕೊಡುವುದೇ. 'ಪಾಸ್ ಇಲ್ವಾ ಮಾಸ್ತರ್ರೇ?' ಎಂದವರಿಗೆ ನಗುತ್ತಲೇ ಎರಡು ಟಿಕೆಟ್ ಕೊಟ್ಟು ಹಣ ಎಣಿಸಿಕೊಳ್ಳುತ್ತಿದ್ದರು. ಕೊನೆಗೆ ಲೆಕ್ಕ ಕೂಡಿಸುವಾಗ ಕಡಿಮೆ ಬಿದ್ದರೆ ನಾಲ್ವರೂ ಕಿಸೆಗೆ ಕೈ ಹಾಕುವರು. ಪಕ್ಕದ ಮನೆಯ ಅಕ್ಕ ಬೆಳಿಗ್ಗೆ ಇಪ್ಪತ್ತು ಜನಕ್ಕೆ ಅವಲಕ್ಕಿ ಕಲಸುವರು. ಹಿಂದಿನ ರಾತ್ರಿ ರಾಜನಾಗಿದ್ದವನು ನಮ್ಮ ಜಗುಲಿಯಲ್ಲಿ ಕೂತು ಅದನ್ನು ತಿನ್ನುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಈಗ ಆ ನಾಲ್ವರಿಗೂ ಎಪ್ಪತ್ತರ ಆಸುಪಾಸು. ಕುರ್ಚಿ ಹೊರುತ್ತಿದ್ದ ನಾವೆಲ್ಲ ಬೆಂಗಳೂರು, ಪುಣೆ, ದೆಹಲಿ ಸೇರಿದ್ದೇವೆ. ಕಳೆದ ವರ್ಷ ಅಪ್ಪ ಫೋನಿನಲ್ಲಿ, 'ಈ ಸಲ ಕರೆಸೋದೋ ಬೇಡವೋ ಅಂತ ಯೋಚನೆ' ಎಂದರು. ನಾನು ಹಳೆಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಖರ್ಚಿಗೆ ಬೇಕಾದಷ್ಟು ಹಣ ಯುಪಿಐ ಮೂಲಕ ಬಂದುಬಿಟ್ಟಿತು. ಖುಷಿಯಿಂದ ಫೋನ್ ಮಾಡಿದರೆ ಅಪ್ಪನ ದನಿಯಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. 'ದುಡ್ಡು ಬಂತು ಮಾರಾಯ. ತಂಡದ ಗಾಡಿ ಬಂದಾಗ ಗೇಟು ತೆಗೆಯೋರು ಯಾರು?'

ಆ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಒಂದು ಇಮೋಜಿಯೂ ಬರಲಿಲ್ಲ.

ಕೊನೆಗೆ ಡಿಗ್ರಿ ಕಾಲೇಜಿನ ಇಬ್ಬರು ಹುಡುಗಿಯರು ಟಿಕೆಟ್ ಪುಸ್ತಕ ಕೈಗೆ ತೆಗೆದುಕೊಂಡರು. ದೀಪಾವಳಿಗೆಂದು ಇಟ್ಟಿದ್ದ ರಜೆಯನ್ನು ನಾಟಕದ ವಾರಕ್ಕೆ ಬದಲಿಸಿಕೊಂಡು ನಾನೂ ಹೋದೆ. ಮೂರು ದಿನದ ಬದಲು ಒಂದೇ ದಿನ, ಒಂದೇ ನಾಟಕ. ಹಿಂದಿನ ಸಾಲುಗಳು ಖಾಲಿ ಇದ್ದವು. ಮುಂದಿನ ವರ್ಷ ಏನಾಗುತ್ತದೋ ಗೊತ್ತಿಲ್ಲ. ಆ ಹುಡುಗಿಯರಲ್ಲಿ ಒಬ್ಬಳು ಬೆಂಗಳೂರಿನ ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಿ ನಡೆಸಿದ್ದಾಳೆ. ಬೇಡ ಎನ್ನಲು, ಊರು ಬಿಟ್ಟು ಬಂದ ನನಗೆ ಯಾವ ಬಾಯಿ?

ಹೊರನಾಡಿನಲ್ಲಿರುವ ನಮಗೆ ಕನ್ನಡ ರಂಗಭೂಮಿ ಎಂದರೆ ಅಭಿಮಾನ ಧಾರಾಳ. ಅದಕ್ಕೆ ಒಂದಿಷ್ಟು ಮೈಬಗ್ಗಿಸುವ ಕೆಲಸವೂ ಸೇರಲಿ. ಮುನಿರ್ಕಾಕ್ಕೆ ಹತ್ತಿರದಲ್ಲೇ, ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಅಲ್ಲಿಗೆ ನಾಟಕ ಬಂದರೆ ಪಾಸ್ ಕೇಳುವ ಬದಲು, ನಟರ ಊಟದ ವ್ಯವಸ್ಥೆ ಯಾರದು ಎಂದು ಕೇಳಬಹುದಲ್ಲವೇ? ಊರಿಗೆ ಹೋಗುವ ಟಿಕೆಟ್ ಬುಕ್ ಮಾಡುವ ಮುನ್ನ, ಅಲ್ಲಿ ನಾಟಕ ಯಾವ ದಿನ ಎಂದು ವಿಚಾರಿಸಬಹುದಲ್ಲವೇ? ಎರಡು ದಿನ ಮೊದಲೇ ಹೋದರೆ ಇನ್ನೂ ಒಳ್ಳೆಯದು. ಕುರ್ಚಿ ಹಾಕಲು ಜನ ಬೇಕಾಗಿರುತ್ತಾರೆ.