ಗೀರು ಬೀಳದ ವಾಚು, ಒಡೆಯುವ ವಾಚು

ಸಿರಾಮಿಕ್ ವಾಚಿಗೆ ಗೀರು ಬೀಳುವುದಿಲ್ಲ ಎಂದು ಅಂಗಡಿಯವರು ಹೇಳುವುದು ಬಹುಮಟ್ಟಿಗೆ ನಿಜ. ಆದರೆ ಅದು ಒಡೆಯುತ್ತದೆ. ಲಕ್ಷಗಟ್ಟಲೆ ಸುರಿದು ಇಂಥ ವಾಚು ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನೇ.

ವಾಚಿನ ಕೇಸಿಗೆ, ಅಂದರೆ ಹೊರಕವಚಕ್ಕೆ, ಉಕ್ಕಿನ ಬದಲು ಬೇರೆ ವಸ್ತುಗಳು ಬಂದು ದಶಕಗಳೇ ಆದವು. ಸ್ವಿಟ್ಜರ್ಲೆಂಡಿನ ಐಡಬ್ಲ್ಯುಸಿ ಕಂಪನಿ 1980ರಲ್ಲಿ ಟೈಟಾನಿಯಂ ಕ್ರೋನೋಗ್ರಾಫನ್ನೂ (ಸ್ಟಾಪ್‌ವಾಚ್ ಸೇರಿದ ವಾಚು) 1986ರಲ್ಲಿ ಸಿರಾಮಿಕ್ ಕೇಸಿನ ‘ಡಾ ವಿಂಚಿ’ ವಾಚನ್ನೂ ತಂದಿತು. 2007ರಲ್ಲಿ ‘ಔಡೆಮಾ ಪಿಗೆ’ ಕಂಪನಿ ಒತ್ತಿ ಮಾಡಿದ ಕಾರ್ಬನ್ನಿನ ಕೇಸನ್ನು ತನ್ನ ಸ್ಪೋರ್ಟ್ಸ್ ವಾಚಿಗೆ ತೊಡಿಸಿತು.

ಸಿರಾಮಿಕ್ ಎಂದರೆ ಇಲ್ಲಿ ಜಿರ್ಕೋನಿಯಂ ಆಕ್ಸೈಡ್. ಅದರ ನುಣ್ಣನೆಯ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಸುಟ್ಟಾಗ ಅದು ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಆ ಲೆಕ್ಕ ಹಿಡಿದೇ ಅಚ್ಚು ಮಾಡಿರುತ್ತಾರೆ. ಸುಟ್ಟ ಮೇಲೆ ಅದನ್ನು ಉಜ್ಜಿ ತಿದ್ದಲು ವಜ್ರದ ಉಪಕರಣಗಳೇ ಬೇಕು. ಉಕ್ಕಿನ ಗಡಸುತನ ವಿಕರ್ಸ್ ಅಳತೆಯಲ್ಲಿ 200ರ ಆಸುಪಾಸಿನಲ್ಲಿದ್ದರೆ, ಇದರದು 1,200ರ ಮೇಲೆ. ಬೀಗದ ಕೈ, ನಾಣ್ಯ ತಗುಲಿದರೆ ಏನೂ ಆಗದು. ಆದರೆ ಪೆಟ್ಟು ಬಿದ್ದಾಗ ಉಕ್ಕು ನೆಗ್ಗಿ ಆ ಏಟನ್ನು ನುಂಗಿಕೊಳ್ಳುತ್ತದೆ, ಸಿರಾಮಿಕ್ಕಿಗೆ ನೆಗ್ಗಲು ಬಾರದು. ಗ್ರಾನೈಟ್ ನೆಲದ ಮೇಲೆ ಅಂಚು ಕೆಳಗಾಗಿ ಬಿದ್ದರೆ ಬಿರುಕು ಬಿಡಬಹುದು. ಉಕ್ಕಿನ ಹಾಗೆ ಬೆಸುಗೆ ಹಾಕಿ, ಪಾಲಿಶ್ ಮಾಡಿ ಹೊಸದಾಗಿಸಲು ಆಗುವುದಿಲ್ಲ. ಇಡೀ ಕೇಸನ್ನೇ ಬದಲಿಸಬೇಕು. ಕಾರ್ಬನ್ನಿನ ಕಥೆಯೂ ಇದೇ: ಅಂಚಿನಲ್ಲಿ ಚೂರು ಎದ್ದರೆ ಮತ್ತೆ ಕೂಡದು.

ಟೈಟಾನಿಯಂ ಬೇರೆ ಜಾತಿ. ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ತೂಕ, ಬೆವರಿಗೆ ತುಕ್ಕು ಹಿಡಿಯದು. ಗೀರು ಬೀಳುತ್ತದೆ, ಆದರೆ ಒಡೆಯುವುದಿಲ್ಲ. ದಿನವೂ ಕಟ್ಟುವವರಿಗೆ ನನ್ನ ಆಯ್ಕೆ ಇದೇ.

ಹೊರಗೆ ಏನೇ ಇರಲಿ, ಒಳಗಿನ ಯಂತ್ರ ಎಲ್ಲ ವಾಚುಗಳ ಹಾಗೆಯೇ ಹಳತಾಗುತ್ತದೆ. ಚಕ್ರಗಳ ಎಣ್ಣೆ ಒಣಗುತ್ತದೆ, ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ನೀರು ಒಳಗಿಳಿಯಲು ದಾರಿ ಬಿಡುತ್ತದೆ. ಹೊರಮೈ ಮಿರಿಮಿರಿ ಮಿಂಚುವುದರಿಂದಲೇ ಇದು ಮರೆತುಹೋಗುವುದು. ಐದರಿಂದ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಬೇಕು. ಈಜುವವರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಲಿ, ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಲಿ. ಸುಗಂಧದ್ರವ್ಯ, ಬಿಸಿಲಿನ ಕ್ರೀಮು ರಬ್ಬರ್ ಬೆಲ್ಟಿಗೆ ಸೋಕದಿರಲಿ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಕೇಸು ಒಡೆದರೆ ಬದಲಿ ಸಿಗುತ್ತದೆಯೇ, ಎಷ್ಟಾಗುತ್ತದೆ, ಎಷ್ಟು ವರ್ಷದವರೆಗೆ ಸಿಗುತ್ತದೆ? ಉತ್ತರವನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ, ಅದೇ ದುಡ್ಡಿಗೆ ಉಕ್ಕಿನ ವಾಚು ಕೊಳ್ಳುವುದೇ ಲೇಸು.