ಬೊಗ್ಗನ ಕೊನೆಯ ಹತ್ತು ದಿನ: ಸಾಕುನಾಯಿಗೆ ಮುಕ್ತಿ ಕೊಡುವ ನಿರ್ಧಾರ ಯಾರದು?

ಕಳೆದ ತಿಂಗಳು ಐರೋಲಿಯಿಂದ ಒಂದು ಫೋನ್ ಬಂತು. ಸಂಘದ ವಾರ್ಷಿಕೋತ್ಸವದಂದು ಊಟದ ಸಾಲಿನಲ್ಲಿ ಪರಿಚಯವಾದ ಬಂಧು. ಅವರ ಮನೆಯ ಹದಿಮೂರು ವರ್ಷದ ಲ್ಯಾಬ್ರಡಾರ್‌ನ ಹಿಂಗಾಲುಗಳಲ್ಲಿ ಬಲವಿಲ್ಲ, ಡಾಕ್ಟರು ‘ಇನ್ನು ನೀವೇ ಯೋಚಿಸಿ’ ಎಂದಿದ್ದಾರೆ. “ನೀವು ನಿಮ್ಮ ನಾಯಿಗೆ ಇಂಜೆಕ್ಷನ್ ಕೊಡಿಸಿದವರಲ್ಲವೇ? ಸಮಯ ಬಂತು ಎಂದು ಹೇಗೆ ಗೊತ್ತಾಯಿತು?” ಎಂದು ಕೇಳಿದರು. ನಾನು ಆಗ ಕಲ್ಯಾಣ್ ಫಾಸ್ಟ್ ಲೋಕಲ್‌ನ ಜನಜಂಗುಳಿಯಲ್ಲಿದ್ದೆ, ರಾತ್ರಿ ಮಾತಾಡುವ ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಾಗಿರಲೇ ಇಲ್ಲ. ಗೊತ್ತಾದದ್ದು ನನ್ನ ಹೆಂಡತಿಗೆ. ನಾನು ಹತ್ತು ದಿನ ತಡ ಮಾಡಿದೆ.

ಊರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾಯಿ ಅಂಗಳದಲ್ಲಿ ಇರುತ್ತಿತ್ತು, ತೆಂಗಿನ ಬುಡದಲ್ಲಿ ಮಲಗುತ್ತಿತ್ತು, ಮುದಿಯಾದ ಮೇಲೆ ಒಂದು ದಿನ ಗುಡ್ಡೆ ಕಡೆ ಹೋದದ್ದು ತಿರುಗಿ ಬರುತ್ತಿರಲಿಲ್ಲ. ಮನೆಯವರು ಎರಡು ದಿನ ಕರೆದು ನೋಡಿ ಸುಮ್ಮನಾಗುತ್ತಿದ್ದರು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಫ್ಲ್ಯಾಟುಗಳಲ್ಲಿ ನಾಯಿ ಮಲಗುವುದು ನಮ್ಮ ಮಂಚದ ಪಕ್ಕದಲ್ಲಿ. ಅದಕ್ಕೆ ಹೋಗಲು ಗುಡ್ಡೆ ಇಲ್ಲ. ಆದ್ದರಿಂದ ನಿರ್ಧಾರ ನಮ್ಮ ತಲೆಗೆ ಬರುತ್ತದೆ.

ನಮ್ಮ ಬೊಗ್ಗ ಜಾತಿ ನಾಯಿಯಲ್ಲ. 2009ರ ಮಳೆಗಾಲದಲ್ಲಿ ಡೊಂಬಿವಲಿ ಪೂರ್ವದ ಎಂಐಡಿಸಿ ಪರಿಸರದ ಗಟಾರದ ಬದಿಯಲ್ಲಿ ಚಳಿಗೆ ನಡುಗುತ್ತಿದ್ದ ಮರಿಯನ್ನು ಮಗ ಶಾಲೆಯ ರೇನ್‌ಕೋಟಿನೊಳಗೆ ಹಾಕಿ ತಂದ. ಆಗ ಕಾರ್ಕಳದಿಂದ ಬಂದಿದ್ದ ನನ್ನ ತಾಯಿ ಊರಿನ ಹೆಸರನ್ನೇ ಇಟ್ಟರು. ಬುಧವಾರ, ಶುಕ್ರವಾರ ಮೀನಿನವಳು ಕೆಳಗಿನಿಂದ ಕೂಗಿದರೆ ಮೂರನೇ ಮಾಳಿಗೆಯಲ್ಲಿ ಬೊಗ್ಗ ಬಾಗಿಲು ಕೆರೆಯುತ್ತಿತ್ತು. ಬಂಗುಡೆಯ ತಲೆ ಅದರ ಪಾಲು. ಹದಿನಾಲ್ಕು ವರ್ಷ ಈ ಪದ್ಧತಿ ತಪ್ಪಲಿಲ್ಲ.

2023ರ ಆಗಸ್ಟ್‌ನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಏರಿತ್ತು. ಮುದಿ ನಾಯಿಗಳ ಮೂತ್ರಪಿಂಡ ಒಮ್ಮೆ ಹೀಗೆ ಸವೆದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಡ್ರಿಪ್ ಹಾಕುವುದು ರಕ್ತದ ಕಲ್ಮಶವನ್ನು ಕೆಲವು ದಿನ ತೊಳೆಯಲಿಕ್ಕೆ ಮಾತ್ರ ಎಂದು ಪಶುವೈದ್ಯರು ಬಿಡಿಸಿ ಹೇಳಿದರು. ದಿನಬಿಟ್ಟು ದಿನ ಡ್ರಿಪ್. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಳೆಯ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಇಳಿಸಬೇಕು, ರಿಕ್ಷಾದವರು ನಾಯಿ ಕಂಡರೆ ಮುಂದೆ ಹೋಗುತ್ತಾರೆ. ಇದನ್ನೆಲ್ಲ ಹೆಂಡತಿ ವಾಚ್‌ಮನ್‌ನ ಸಹಾಯ ಪಡೆದು ಮಾಡಿದಳು. ನಾನು ಬೆಳಿಗ್ಗೆ ಏಳೂವರೆಗೆ ಫೋರ್ಟ್‌ನ ಬ್ಯಾಂಕಿಗೆ ಹೊರಟರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ.

ಸೆಪ್ಟೆಂಬರ್ 19ರಂದು ಚೌತಿ. ಢೋಲು-ತಾಶೆಯ ಸದ್ದಿಗೆ ಬೊಗ್ಗ ಮೊದಲಾದರೆ ಮಂಚದ ಅಡಿಗೆ ಓಡುತ್ತಿತ್ತು. ಈ ಸಲ ಏಳಲಾಗದೆ ಮಲಗಿದಲ್ಲೇ ನಡುಗಿತು. ಮರುದಿನ ಬುಧವಾರ ಮೀನಿನವಳು ಕೂಗಿದಾಗ ತಲೆ ಎತ್ತಲಿಲ್ಲ. 21ರ ಗುರುವಾರ ರಾತ್ರಿ ನಾನು ಊಟಕ್ಕೆ ಕುಳಿತಾಗ ಹೆಂಡತಿ ಹೇಳಿದಳು: “ಇನ್ನು ಸಾಕು, ಅದನ್ನು ಕಳಿಸಿಕೊಡುವ.”

ಕೊಲ್ಲುವುದು ಪಾಪ, ಅದರ ಆಯುಸ್ಸು ಇದ್ದಷ್ಟು ದಿನ ಇರಲಿ ಎಂದೆ. ಬಾಯಲ್ಲಿ ಹೇಳಿದ್ದು ಅದು. ಮನಸ್ಸಿನಲ್ಲಿ ಇದ್ದದ್ದು ಬೇರೆ. ತಿಂಗಳ 30ಕ್ಕೆ ಅರ್ಧವಾರ್ಷಿಕ ಕ್ಲೋಸಿಂಗ್, ಆ ವಾರ ಯಾರಿಗೂ ರಜೆ ಇಲ್ಲ. ಬೆಂಗಳೂರಿನಲ್ಲಿರುವ ಮಗ ಬರುವುದು ಅಕ್ಟೋಬರ್ 1ರ ಭಾನುವಾರ. ಹೀಗೆ ಬೊಗ್ಗನ ನೋವನ್ನು ನನ್ನ ಸೌಕರ್ಯದ ತಾರೀಕಿನವರೆಗೆ ಮುಂದೂಡಿ, ಅದಕ್ಕೆ ಧರ್ಮದ ಹೆಸರು ಕೊಟ್ಟೆ.

ಮರುದಿನ ಪಶುವೈದ್ಯರಿಗೆ ಫೋನ್ ಮಾಡಿದಾಗ ಅವರು ಒಂದು ಅಂಕಪಟ್ಟಿಯ ಬಗ್ಗೆ ಹೇಳಿದರು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ 2004ರಲ್ಲಿ ಮಾಡಿದ್ದು. ನೋವು ಹತೋಟಿಯಲ್ಲಿದೆಯೇ, ಉಸಿರಾಟ ಸರಾಗವೇ, ತಿನ್ನುತ್ತದೆಯೇ, ನೀರು ಸಾಕಷ್ಟು ಹೋಗುತ್ತಿದೆಯೇ, ಮೈ ಶುಚಿಯಾಗಿ ಇಡಲಾಗುತ್ತದೆಯೇ, ಮನೆಯವರನ್ನು ಕಂಡು ಸಂತೋಷಪಡುತ್ತದೆಯೇ, ನಡೆಯುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೇ ಎಂದು ನೋಡಿ ಏಳು ಬಾಬತ್ತುಗಳಿಗೆ ತಲಾ ಹತ್ತು ಅಂಕ. ಎಪ್ಪತ್ತರಲ್ಲಿ ಮೂವತ್ತೈದಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಡಾಕ್ಟರು ಒಂದು ಮಾತು ಸೇರಿಸಿದರು: “ಇಬ್ಬರೂ ಬೇರೆ ಬೇರೆಯಾಗಿ ಬರೆಯಿರಿ.”

ಕಾಲನಿರ್ಣಯದ ಹಿಂಬದಿಯಲ್ಲಿ ಬರೆದೆವು. ನನ್ನ ಮೊತ್ತ 41, ಹೆಂಡತಿಯದು 22.

ಮೂವತ್ತು ವರ್ಷ ಲೆಡ್ಜರ್ ನೋಡಿದವನು ನಾನು. ಎರಡು ಪುಸ್ತಕ ತಾಳೆಯಾಗದಿದ್ದರೆ ಒಂದರಲ್ಲಿ ಎಂಟ್ರಿ ಬಿಟ್ಟುಹೋಗಿದೆ ಎಂದು ಅರ್ಥ. ಕೂತು ನೋಡಿದೆವು. ‘ಸಂತೋಷ’ಕ್ಕೆ ನಾನು ಎಂಟು ಕೊಟ್ಟಿದ್ದೆ, ಏಕೆಂದರೆ ನಾನು ಮನೆಗೆ ಬಂದಾಗ ಅದು ಬಾಲ ಆಡಿಸುತ್ತಿತ್ತು. ಅವಳು ಒಂದು ಕೊಟ್ಟಿದ್ದಳು. ಆ ಬಾಲ ಆಡುವುದು ಹತ್ತು ನಿಮಿಷ. ಉಳಿದ ಹನ್ನೆರಡು-ಹದಿಮೂರು ಗಂಟೆ ಅದು ಮಲದಲ್ಲೇ ಮಲಗಿ ನರಳುವುದು, ಮಗುಚಿ ಹಾಕುವಾಗ ಕೂಗುವುದು, ಸೊಂಟದ ಹುಣ್ಣು, ಬಾಯಿಯ ಮೂತ್ರದಂತಹ ವಾಸನೆ, ಕುಡಿಸಿದ ಗಂಜಿ ವಾಂತಿಯಾಗುವುದು ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಹೀಗೆಂದು ತಿಳಿದ ಮೇಲೂ ಭಾನುವಾರದವರೆಗೆ ನೋಡುವ ಎಂದೆನಲ್ಲ, ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಮನುಷ್ಯರ ಮಾತು ಬೇರೆ, ಪ್ರಾಣಿಯ ಮಾತು ಬೇರೆ, ಹೋಲಿಸಲಿಕ್ಕೆ ಹೇಳುವುದಲ್ಲ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದು 2015ರ ಮೇ 18ರಂದು ತೀರಿಕೊಂಡರು. ಅವರ ಪರವಾಗಿ ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ, ಹಗಲಿರುಳು ಅವರ ಸೇವೆ ಮಾಡಿದ ಕೆಇಎಂ ಸಿಬ್ಬಂದಿಗೆ ಎಂದು ನ್ಯಾಯಾಲಯ ಹೇಳಿತು. ಆ ದಾದಿಯರು ಬೇಡ ಎಂದರು. ನಮ್ಮ ಮನೆಯಲ್ಲಿ ಸೇವೆ ಮಾಡಿದವಳು ಸಾಕು ಎಂದಳು. ಎರಡೂ ಕಡೆ ಉತ್ತರ ಬೇರೆ, ಆದರೆ ಕೇಳಬೇಕಾದದ್ದು ಯಾರನ್ನು ಎಂಬುದು ಒಂದೇ.

ಪಾಪದ ಮಾತಿಗೂ ಉತ್ತರ ಬಹಳ ಹಿಂದೆಯೇ ಬಂದಿದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಏಳಲಾಗದೆ ಯಾತನೆಪಡುತ್ತಿದ್ದ ಒಂದು ಕರುವಿಗೆ ವೈದ್ಯರು ಆಸೆ ಬಿಟ್ಟಾಗ, ಗಾಂಧೀಜಿ ಆಶ್ರಮವಾಸಿಗಳೊಡನೆ ಚರ್ಚಿಸಿ, ತಾವೇ ಎದುರು ನಿಂತು ಇಂಜೆಕ್ಷನ್ ಕೊಡಿಸಿದರು. ಅಹಿಂಸೆಯ ಮಹಾತ್ಮ ಕರು ಕೊಂದರೆಂದು ದೊಡ್ಡ ಗದ್ದಲವಾಯಿತು. ಪ್ರಾಣಿಯ ನೋವು ನೀಗಿಸಲೆಂದೇ, ಬೇರೆ ದಾರಿ ಇಲ್ಲದಾಗ ಮಾಡಿದ್ದು ಹಿಂಸೆಯಲ್ಲ ಎಂದು ಅವರು ತಮ್ಮ ಪತ್ರಿಕೆಗಳಲ್ಲಿ ಸಮರ್ಥಿಸಿ ಬರೆದರು. ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಒಪ್ಪದವರು ನಾಯಿಯ ಪಕ್ಕದಲ್ಲಿ ಒಂದು ಹಗಲು ಪೂರ್ತಿ ಕುಳಿತು ನೋಡಿಯೇ ಹೇಳಲಿ.

ಅಕ್ಟೋಬರ್ 1ರಂದು ಡಾಕ್ಟರು ಮನೆಗೇ ಬಂದರು. ಏನು ನಡೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಹೆದರಿಕೆ ಕಡಿಮೆ, ಆದ್ದರಿಂದ ಬರೆಯುತ್ತೇನೆ. ಮೊದಲು ನಿದ್ದೆ ಬರಿಸುವ ಇಂಜೆಕ್ಷನ್. ಬೊಗ್ಗ ಹೆಂಡತಿಯ ತೊಡೆಯ ಮೇಲೆ ತಲೆ ಇಟ್ಟು ಗೊರಕೆ ಹೊಡೆಯಿತು; ತಿಂಗಳಿನಿಂದ ಅಂತಹ ನಿದ್ದೆ ಬಂದಿರಲಿಲ್ಲ. ಆಮೇಲೆ ಮುಂಗಾಲಿನ ನರಕ್ಕೆ ಅರಿವಳಿಕೆ ಮದ್ದಿನ ಹೆಚ್ಚಿನ ಪ್ರಮಾಣ. ಒಂದೆರಡು ನಿಮಿಷದಲ್ಲಿ ಎದೆಬಡಿತ ನಿಂತಿತು. ಕಣ್ಣು ಮುಚ್ಚುವುದಿಲ್ಲ, ಮೂತ್ರ ಹೋಗಬಹುದು, ಹೃದಯ ನಿಂತ ಮೇಲೂ ಒಂದೆರಡು ಉಸಿರು ಎಳೆದಂತೆ ಕಾಣಬಹುದು, ಅದು ನೋವಲ್ಲ. ಒಂದು ವಿಷಯವನ್ನು ಮಾತ್ರ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ: ಪೂರ್ತಿ ಪ್ರಜ್ಞೆ ತಪ್ಪಿಸಿದ ಮೇಲೆಯೇ ಕೊನೆಯ ಮದ್ದು ಕೊಡುತ್ತಾರೆಯೇ ಎಂದು. ಪ್ರಜ್ಞೆ ಇರುವ ನಾಯಿಗೆ ಮೆಗ್ನೀಷಿಯಂ ಸಲ್ಫೇಟ್‌ನಂತಹದ್ದನ್ನು ನೇರ ಕೊಡುವುದು ಕ್ರೌರ್ಯ.

ಬದ್ಲಾಪುರದ ಕಡೆ ಸ್ನೇಹಿತರೊಬ್ಬರ ಜಾಗದಲ್ಲಿ ಆಳವಾಗಿ ಗುಂಡಿ ತೆಗೆದು ಮಣ್ಣು ಮಾಡಿದೆವು. ಆಳ ಯಾಕೆಂದರೆ ದೇಹದಲ್ಲಿ ಉಳಿದ ಮದ್ದು ಅದನ್ನು ಅಗೆದು ತಿಂದ ಪ್ರಾಣಿಗೂ ವಿಷವಾಗಬಹುದು. ಜಾಗ ಇಲ್ಲದವರಿಗಾಗಿ ಮುಂಬಯಿ ಮಹಾನಗರಪಾಲಿಕೆ 2023ರಲ್ಲಿ ಮಲಾಡ್‌ನಲ್ಲಿ ಸಾಕುಪ್ರಾಣಿಗಳ ಚಿತಾಗಾರ ತೆರೆಯಿತು. ಚಿಕಿತ್ಸೆಗೆ ಪರೇಲ್‌ನ ಬಾಯಿ ಸಕರಬಾಯಿ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಿಂದ ಇದೆ, ಮಹಾಲಕ್ಷ್ಮಿಯಲ್ಲಿ ಟಾಟಾದವರ ಆಸ್ಪತ್ರೆ 2024ರಲ್ಲಿ ಆರಂಭವಾಯಿತು. ಮನುಷ್ಯರ ನೋವಿನ ಮಾತ್ರೆಗಳನ್ನು, ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳನ್ನು, ಕೇಳದೆ ನಾಯಿಗೆ ಕೊಡಬೇಡಿ. ಇನ್ನು, ಮುದಿ ನಾಯಿಯನ್ನು ರಾತ್ರಿ ಸ್ಟೇಷನ್ ಬದಿಯಲ್ಲಿ ಬಿಟ್ಟು ಬರುವವರು ನಮ್ಮ ನಡುವೆಯೂ ಇದ್ದಾರೆ. ‘ಪಾಪ’ ತಪ್ಪಿಸಿಕೊಳ್ಳಲಿಕ್ಕಂತೆ! ಹಸಿವು-ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ವಾಸಿಯಾಗದ ನಾಯಿಗೆ ಪಶುವೈದ್ಯರಿಂದ ನೋವಿಲ್ಲದ ಅಂತ್ಯ ಕೊಡಿಸುವುದು ಅಪರಾಧವಲ್ಲ.

ಆ ರಾತ್ರಿ ಐರೋಲಿಯವರಿಗೆ ಮರಳಿ ಫೋನ್ ಮಾಡಿದೆ. ಅವರು ನಾಯಿಯ ವಿಷಯ ಶುರು ಮಾಡಿದರು: ನಾನು ಆಫೀಸಿನಿಂದ ಬಂದರೆ ಈಗಲೂ ಬಾಲ ಆಡಿಸುತ್ತದೆ, ನೋಡಿ... ನಾನು ನಡುವೆ ಕೇಳಿದೆ, ಹಗಲು ಅದರ ಅಡಿ ಬಟ್ಟೆ ಬದಲಿಸುವವರು ಯಾರು ಎಂದು.

“ನನ್ನ ತಾಯಿ. ಯಾಕೆ?”

“ಫೋನ್ ಅವರಿಗೆ ಕೊಡಿ” ಎಂದೆ.